ಐದಿಲ್ಲದ ದಾಳ

ಅಪ್ಪಾ,

ಕ್ಷೇಮ ಕೇಳಿ ಶುರುಮಾಡುವ ಹಾಗಿಲ್ಲ. ನಿಮ್ಮಿಂದ ತಿಳಿಯಬೇಕಾದ್ದು ಒಂದೇ. ದಾಳ ನಾಲ್ಕು ಬಿದ್ದಾಗ ನೀವು ನಿಜವಾಗಿ ಏನು ಮಾಡುತ್ತಿದ್ದಿರಿ?

ನೀವು ತೀರಿಹೋದ ಮೇಲೆ ಮಾದೇಶ ಬರ್ಮಾ ಯುದ್ಧದಿಂದ ವಾಪಸು ಬಂದ. ಕೊಳ್ಳೇಗಾಲದಲ್ಲಿ ಬಸ್ಸಿಳಿದವನು ಟ್ರಂಕನ್ನು ನನ್ನ ಪಕ್ಕಕ್ಕಿಟ್ಟು ನಿಂತ. ಪಂಕ್ತಿಯಲ್ಲಿ ಕೂತರೆ ಬಡಿಸುವವರನ್ನೂ ನಗಿಸುತ್ತಿದ್ದ ನಿಮ್ಮ ಮಗ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ.

ಬೇಸಿಗೆ ರಜೆಗೆ ನಾನು ಹಾಸ್ಟೆಲಿನಿಂದ ಬಂದಾಗಲೆಲ್ಲ ನೀವು ಫಾರೆಸ್ಟ್ ಇಲಾಖೆಯ ಇಂಗ್ಲಿಷ್ ದೊರೆ ಬಿಟ್ಟುಹೋದ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸುತ್ತಿದ್ದಿರಿ. ಆ ಯುದ್ಧದಾಟದ ದಾಳ ಕಳೆದು, ಬದಲಿಗೆ ಅವ್ವನ ಪಗಡೆ ದಾಳ ಬಂತು. ಪೆಟ್ಟಿಗೆಯ ಮುಚ್ಚಳದ ಇಂಗ್ಲಿಷನ್ನು ಓದಿ ಹೇಳಿದವಳು ನಾನೇ: ಐದೋ ಆರೋ ಬಿದ್ದರೆ ಗುಂಡು ತಗುಲಿದ ಸಿಪಾಯಿ ಸತ್ತ. ನಾಲ್ಕೇ ಮುಖದ ಪಗಡೆ ದಾಳದಲ್ಲಿ ಒಂದು, ಮೂರು, ನಾಲ್ಕು, ಆರು ಮಾತ್ರ. ಇಲ್ಲದ ಐದನ್ನು ಎಲ್ಲಿ ಹುಡುಕುವುದು? ಆರಕ್ಕೆ ಮಾತ್ರ ಸಾವು ಎಂದ ಮಾದೇಶ. ಹತ್ತಿರದ ನಾಲ್ಕಕ್ಕೂ ಸಾವೇ ಎಂದೆ ನಾನು. ನೀವು ನಕ್ಕು ತೀರ್ಪು ಕೊಟ್ಟಿರಿ: ನಾಲ್ಕು ಬಿದ್ದರೆ ಅನುಮಾನ, ಅನುಮಾನ ಬಂದರೆ ಆಡದವನು ಮತ್ತೆ ಉರುಳಿಸಬೇಕು, ಆಗ ಆರು ಬಿದ್ದರೇ ಸಾವು. ಆಡದವರು ನೀವೊಬ್ಬರೇ. ಹಿತ್ತಾಳೆ ಬೋಗುಣಿಯ ಅಡಿಯಲ್ಲಿ ದಾಳ ಉರುಳಿಸಿ, ಅಂಚನ್ನು ಚೂರು ಎತ್ತಿ ನೀವೊಬ್ಬರೇ ನೋಡಿ, "ಬದುಕಿದ" ಎನ್ನುತ್ತಿದ್ದಿರಿ.

ಮೂರು ದಿನದ ಹಿಂದೆ ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಇಳಿಸಬಾರದಿತ್ತೇ? ಮಾದೇಶ ಬಂದು ಕೂತ, ಸಿಪಾಯಿಗಳನ್ನು ತಾನೇ ನಿಲ್ಲಿಸಿದ. ಟೋಪಿ ಮುರಿದ ಒಬ್ಬನನ್ನು ಎಲ್ಲರಿಗಿಂತ ಮುಂದೆ ಇಟ್ಟ. ಅಜ್ಜೀಪುರದ ಹವಾಲ್ದಾರನ ಬಗ್ಗೆ ಅವನು ಬರ್ಮಾದಿಂದ ಬರೆಯುತ್ತಿದ್ದುದು ನಿಮಗೆ ನೆನಪಿರಬೇಕು. ಹೊಗೆಸೊಪ್ಪು ಹಂಚಿಕೊಳ್ಳುತ್ತಿದ್ದವನು, ಇವನನ್ನು ತಮ್ಮ ಎನ್ನುತ್ತಿದ್ದವನು. ಆಮೇಲಾಮೇಲೆ ಕಾಗದಗಳಲ್ಲಿ ಆ ಮನುಷ್ಯ ಬರಲೇ ಇಲ್ಲ... ಟೋಪಿ ಮುರಿದವನ ಮೇಲೆ ನನ್ನ ಗುಂಡಿನ ಸರದಿ ಬಂತು. ನಾಲ್ಕು ಬಿತ್ತು.

ಮಾದೇಶ ನಿಮ್ಮ ಕುರ್ಚಿಯ ಕಡೆ ಕೈ ತೋರಿಸಿದ. ಅಂದಿನಿಂದ ತಾನು ಕೂತ ಜಾಗ ಬಿಟ್ಟು ಏಳಲಿಲ್ಲ. ತುತ್ತು ಇಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ನಿದ್ದೆಯೂ ಮೇಜಿನ ಮೇಲೆ ತಲೆಯಿಟ್ಟು.

ಮಾಂಬಳ್ಳಿ ಚಿಕ್ಕಪ್ಪ ನಿನ್ನೆ ಬಂದಿದ್ದರು. "ಲೇ ಮಾದೇಸ, ಸೀಸ ಕಣ್ಲಾ ಅದು. ನಿಮ್ಮಪ್ಪ ಎದ್ದು ಬಂದು ಆಡ್ತನಾ?" ಎನ್ನುತ್ತ ಟೋಪಿ ಮುರಿದವನನ್ನು ಎತ್ತಲು ಹೋದರು. ಇವನು ಅವರ ಮುಂಗೈ ಹಿಡಿದ. ಬಿಡಿಸಲು ನಾನೂ ಅವ್ವನೂ ಸೇರಬೇಕಾಯಿತು. ಚಿಕ್ಕಪ್ಪ ಕೈ ನೀವಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಗೌರಮ್ಮ, ಬೆಂಗ್ಳೂರಿನ ಹುಚ್ಚಾಸ್ಪತ್ರೆಗೆ ಸೇರ್ಸ್ಬುಡವ. ನಾಡಿದ್ಕೇ ಬತ್ತೀನಿ." ಅಲ್ಲಿಗೆ ಸೇರಿಸಿದವರನ್ನು ವಾಪಸು ಕರೆದುಕೊಂಡು ಬಂದವರು ನಮ್ಮ ಊರಲ್ಲಿ ಯಾರಿದ್ದಾರೆ, ಅಪ್ಪಾ?

ಇವತ್ತು ಬೆಳಗ್ಗೆ ನಾನೇ ನಿಮ್ಮ ಕುರ್ಚಿಯಲ್ಲಿ ಕೂತೆ. ಗುಂಡು ಹಾರಿಸಿದವಳೇ ತೀರ್ಪು ಕೊಡುವುದೇ? ನಿಯಮ ಒಪ್ಪುವುದಿಲ್ಲ. ಆದರೂ ಕೂತೆ. ದಾಳದ ಮೇಲೆ ಬೋಗುಣಿಯನ್ನು ಕವುಚಿದೆ. ಆಗಲೇ ಹೊಳೆದದ್ದು, ಅಷ್ಟು ಬೇಸಿಗೆಗಳಲ್ಲಿ ನಿಮ್ಮ ಬೋಗುಣಿಯ ಅಡಿಯಲ್ಲಿ ಒಬ್ಬ ಸಿಪಾಯಿಯೂ ಸತ್ತಿರಲಿಲ್ಲ. ಹಾಗಾಗಲು ಸಾಧ್ಯವೇ? ದಾಳ ಉರುಳಿಸಿದೆ. ಅಂಚು ಎತ್ತಿ ನೋಡಿದೆ.

"ಬದುಕಿದ" ಎಂದೆ.

ಮಾದೇಶ ನನ್ನ ಮುಖ ನೋಡಿದ. ಆಮೇಲೆ ಅವನ ಗಂಟಲಿನಿಂದ ದನಿ ಬಂತು, ಗುರುತೇ ಸಿಗದಷ್ಟು ಒರಟಾಗಿ. "ಇಲ್ಲ ಅಕ್ಕ. ಹವಾಲ್ದಾರ ಹೊಳೇಲಿ ನನ್ ಕೈ ಹಿಡ್ಕಂಡಿದ್ದ. ನಾನೇ ಮಣ್ಣು ಮಾಡ್ದೆ." ಟೋಪಿ ಮುರಿದವನನ್ನು ಎತ್ತಿ ತಾನೇ ಮೆಲ್ಲಗೆ ಮಲಗಿಸಿದ. ಅವ್ವ ಬಾಗಿಲಿನಿಂದ ಬಂದು ಅವನ ಪಕ್ಕ ಕೂತಳು. ಅವನು ಅತ್ತ, ಅಪ್ಪಾ. ಚಿಕ್ಕ ಹುಡುಗನಾಗಿದ್ದಾಗಲೂ ಹಾಗೆ ಅತ್ತಿರಲಿಲ್ಲ. ಕೊನೆಗೆ, ಹಸಿವು ಎಂದ.

ಅಂಬಲಿ ಹಾಕಿಕೊಡಲು ಬೋಗುಣಿಯನ್ನೇ ಎತ್ತಿಕೊಂಡೆ. ದಾಳ ಎಲ್ಲರ ಎದುರಿಗೇ ಬಿದ್ದಿತ್ತು, ಅವನು ಆ ಕಡೆ ತಿರುಗಲೂ ಇಲ್ಲ. ನಾಳೆ ಚಿಕ್ಕಪ್ಪ ಬರಲಿ, ಇವನನ್ನು ನಾನು ಕಳಿಸುವುದಿಲ್ಲ.

ಬಿದ್ದದ್ದು ಆರು, ಅಪ್ಪಾ. ನಿಮಗೆ ಎಷ್ಟು ಸಲ ಬಿದ್ದಿತ್ತು?

ನಿಮ್ಮ ಗೌರಿ