ದಾಸಿ ಪತ್ರ ಯಾಕೆ ಕಳಿಸಲಿಲ್ಲ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿಯೂ ಒಡೆದೆಯಲ್ಲ, ಸದ್ಯ ಅಷ್ಟೇ ಸಾಕು. ಆರು ವರ್ಷ ಮಾತು ಬಿಟ್ಟವಳಿಗೆ ಈಗೇನೋ ಬೇಕಾಗಿರಬೇಕು ಅಂದುಕೊಳ್ಳುತ್ತೀಯ. ಬೇಕಾಗಿದೆ, ನಿಜ. ಅದಕ್ಕೆ ಮೊದಲು ನೀನು ನಗುವಂಥ ಸುದ್ದಿ: ನಾನು ಫ್ರೆಂಚ್ ಕಾದಂಬರಿ ಓದುತ್ತಿದ್ದೇನೆ.

ನಮ್ಮ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಬುಧವಾರ ಸಂಜೆ ಐದು ಜನ ಸೇರುತ್ತೇವೆ. ಕಲಿಸಲು ನಿವೃತ್ತ ಮೇಡಂ, ಔಷಧಿ ಅಂಗಡಿಯವರು, ಬಸ್ಸಿನ ಡ್ರೈವರಣ್ಣ, ಹೊಲಿಗೆ ಅಂಗಡಿಯಾಕೆ, ಮತ್ತೆ ನಾನು. ಓದುವುದು ಹಳೆಯ ಕಾಲದ ರಾಜರು, ಯುದ್ಧಗಳ ಕಥೆ. ಮಾತೆಲ್ಲ ಫ್ರೆಂಚಿನಲ್ಲೇ ಆಗಬೇಕು. ಬಾಯಿಂದ ಕನ್ನಡ ಬಿತ್ತೋ, ಎಲ್ಲರ ಟೀ ಲೋಟ ಅವರೇ ತೊಳೆಯಬೇಕು. ಹನ್ನೊಂದು ತಿಂಗಳಿಂದ ತೊಳೆಯುತ್ತಿರುವವಳು ನಾನು. ಈ ಪುಣ್ಯಾತ್ಗಿತ್ತಿ ಬಂದ ಮೇಲೆ ಲೋಟ ಫಳಫಳ ಅಂತಾವೆ ಎಂದು ಡ್ರೈವರಣ್ಣ ಒಮ್ಮೆ ಕನ್ನಡದಲ್ಲೇ ಆಡಿಕೊಂಡು, ಅವನೂ ನನ್ನ ಪಕ್ಕ ನಿಂತು ತೊಳೆದ.

ನನ್ನ ಫ್ರೆಂಚು ಅಷ್ಟಕ್ಕಷ್ಟೇ. ಬೇಕು, ಬೇಡ, ಚಳಿ, ಹಸಿವು, ಇಷ್ಟ. ಪರಿಸ್ಥಿತಿ ಹಾಗಿತ್ತು, ಬೇರೆ ದಾರಿ ಇರಲಿಲ್ಲ ಅನ್ನುವಂಥ ಮಾತೆಲ್ಲ ಇನ್ನೂ ಬರುವುದಿಲ್ಲ.

ಈ ತಿಂಗಳ ಕಾದಂಬರಿಯಲ್ಲಿ, ಶತ್ರುಗಳು ಮುತ್ತಿದ ಕೋಟೆಯೊಳಗೆ ಮುದಿ ಒಡತಿ ಸಾಯುತ್ತಿದ್ದಾಳೆ. ಬೇಗ ಬಾ ಎಂದು ದೂರದ ಮಗಳಿಗೆ ಪತ್ರ ಬರೆಸಿ ದಾಸಿಯ ಕೈಗೆ ಕೊಡುತ್ತಾಳೆ. ದಾಸಿ ಕಳಿಸುವುದೇ ಇಲ್ಲ. ಯಾಕೆ ಎಂದು ಮೇಡಂ ಕೇಳಿದರು. ಹಿಮ ಬಿದ್ದು ದಾರಿ ಮುಚ್ಚಿತ್ತು ಅಂದರು ಔಷಧಿಯವರು. ಕುದುರೆಗಳು ಸೊರಗಿದ್ದವು ಅಂದ ಡ್ರೈವರಣ್ಣ. ದಾಸಿಗೆ ಓದು ಬಾರದು ಪಾಪ, ಅವಸರದ್ದು ಅಂತ ಗೊತ್ತಾಗಲಿಲ್ಲ ಅಂದಳು ಹೊಲಿಗೆಯಾಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ನನ್ನ ಪಾಡು.

ನನ್ನ ಸರದಿ ಬಂತು. ಇದ್ದ ನಾಲ್ಕು ಪದದಲ್ಲಿ ಹೇಳಿದೆ, ಅವಳಿಗೆ ಇಷ್ಟ ಇರಲಿಲ್ಲ. ಯಾಕೆ ಅಂದರು. ನಾಲ್ಕು ವರ್ಷ ನೋಡಿಕೊಂಡವಳು ಅವಳು, ಅಮ್ಮ ಹೊಗಳಿದ್ದು ಅಕ್ಕನನ್ನು ಅಂದೆ. ಮೇಡಂ ಪುಟ ತಿರುವಿ, ಈ ಪುಸ್ತಕದಲ್ಲಿ ನಾಲ್ಕು ವರ್ಷವೂ ಇಲ್ಲ, ಅಕ್ಕನೂ ಇಲ್ಲವಲ್ಲ ಅಂದರು. ಪುಸ್ತಕದಲ್ಲಿ ಇಲ್ಲ, ನಮ್ಮ ಮನೆಯಲ್ಲಿ ಅಂದೆ. ಮೇಡಂ ಪುಸ್ತಕ ಮುಚ್ಚಿ ಕನ್ನಡದಲ್ಲೇ, ಮನೆಗೆ ಹೋಗಿ ಅಕ್ಕನಿಗೆ ಬರೆಯಮ್ಮ ಅಂದರು.

ಅಕ್ಕ, ಅವತ್ತು ಫೋನು ಕೆಟ್ಟಿರಲಿಲ್ಲ. ಅಮ್ಮನಿಗೆ ಇನ್ನು ಎರಡು ದಿನ ಅಷ್ಟೇ, ಹತ್ತಿರದವರಿಗೆ ತಿಳಿಸಿ ಎಂದು ಡಾಕ್ಟರು ಗುರುವಾರ ಬೆಳಿಗ್ಗೆಯೇ ಹೇಳಿಹೋಗಿದ್ದರು. ನಾನು ನಿನಗೆ ತಿಳಿಸಿದ್ದು ಶನಿವಾರ, ಎಲ್ಲ ಮುಗಿದ ಮೇಲೆ. ಲೈನು ಸಿಗಲಿಲ್ಲ, ಡಾಕ್ಟರು ಬಿಡಿಸಿ ಹೇಳಲಿಲ್ಲ, ಗಡಿಬಿಡಿಯಲ್ಲಿ ಮರೆತೆ. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಒಂದೊಂದು ಸಲ ಒಂದೊಂದು ಹೇಳಿದೆ. ನೀನು ನಂಬಲಿಲ್ಲ. ನಂಬದವಳೇ ಕೆಟ್ಟವಳು ಎಂದು ನಾನೇ ಮುನಿಸಿಕೊಂಡು ಮಾತು ಬಿಟ್ಟೆ.

ಅಮ್ಮನ ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದವಳು ನಾನು. ಬಂದವರ ಮುಂದೆಲ್ಲ ಅಮ್ಮ ಮಾಡುತ್ತಿದ್ದದ್ದು ನಿನ್ನ ಗುಣಗಾನ. ಕೊನೆಯ ಎರಡು ದಿನವಾದರೂ ಅಮ್ಮ ನನ್ನೊಬ್ಬಳವಳಾಗಿರಲಿ ಅನ್ನಿಸಿತು. ಹೊಟ್ಟೆಕಿಚ್ಚು ಅಕ್ಕ, ಬೇರೇನೂ ಅಲ್ಲ. ತಪ್ಪು ನನ್ನದು. ಕ್ಷಮಿಸು ಎನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನನಗೆ ಬೇಕಾಗಿರುವುದು ಅದೇ. ಬೈದು ಬರೆದರೂ ಸರಿ, ಎರಡು ಸಾಲು ಬರಿ.

ನಿನ್ನ ಉತ್ತರಕ್ಕೆ ಕಾದಿರುವ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಶುಕ್ರವಾರ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು, ಅವಳಿಗೆ ಹೇಳಿದ್ಯಾ ಅಂತ ಕೇಳಿದಳು. ಹೇಳಿದೀನಿ, ಹೊರಟಿದಾಳೆ ಅಂದೆ. ಹಾಗಾದ್ರೆ ನನ್ನ ಮಂಚ ಬಾಗಿಲ ಕಡೆ ತಿರುಗಿಸು ಅಂದಳು. ತಿರುಗಿಸಿದೆ.