ಮಗಳ ಕ್ಲಾಸಿನ ಮುಂದಿನ ಬೆಂಚು

ಕೇಶ್ವಾಪುರ, ಹುಬ್ಬಳ್ಳಿ
೯ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಗುಲ್ಜಾರ,

ನಿನಗೂ ಮನೆಯವರೆಲ್ಲರಿಗೂ ದಾಕ್ಷಾಯಿಣಿಯ ನಮಸ್ಕಾರ. ಅಜ್ಜಿಯಾದೆ ಅಂತ ನೀನು ಬರೆದ ಕಾಗದ ಬಂದು ಮಳೆಗಾಲವೇ ಕಳೆದುಹೋಯಿತು. ನಿನ್ನ ಮಗ ವಸೀಮನ ಕೂಸು ಈಗ ಕುತ್ತಿಗೆ ನಿಲ್ಲಿಸಿರಬೇಕು. ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀ, ಬೈದುಕೋ. ಬರೆಯಲು ಕೂತಾಗಲೆಲ್ಲ "ನಾನು ಕ್ಷೇಮ" ಅನ್ನುವಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ಕ್ಷೇಮವೋ ಅಲ್ಲವೋ ನನಗೇ ತಿಳಿಯದ ಮೇಲೆ ಮುಂದೆ ಏನು ಬರೆಯಲಿ? ಫೋನ್ ಮಾಡೋಣವೆಂದರೆ ನಮ್ಮ ಮನೆಯಲ್ಲಿ ಫೋನಿನ ಮಾತು ಎಲ್ಲರ ಮಾತು. ನಾನು "ಹಲೋ" ಅಂದ ಕೂಡಲೇ ಅತ್ತೆ ಟಿವಿಯ ಸದ್ದು ಸಣ್ಣದು ಮಾಡುತ್ತಾರೆ.

ನೀನು ನೇರವಾಗಿ ಕೇಳಿದ್ದೆ, "ಈ ವಯಸ್ಸಿನಲ್ಲಿ ಕಾಲೇಜಿಗೆ ಯಾಕೆ ಹೋದೆ, ಅದೂ ಮಗಳ ಕ್ಲಾಸಿಗೇ?" ಎಂದು. ಮೊದಲಿನಿಂದ ಹೇಳುತ್ತೇನೆ.

ವಿದ್ಯಾನಗರದ ನಮ್ಮ ಆಸ್ಪತ್ರೆಯಲ್ಲಿ ಹೋದ ವರ್ಷ ಹೆರಿಗೆ ವಾರ್ಡಿಗೆ ಹೊಸ ಇನ್‌ಚಾರ್ಜ್ ಬಂದಳು. ಡಿಗ್ರಿ ಮಾಡಿದ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮರ್ಯಾದೆ. ಅವಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಕುರ್ಚಿ ನನ್ನ ಪಾಲಿಗೆ ಬರುತ್ತದೆ ಅಂತ ನಾನು ಬಹಳ ವರ್ಷದಿಂದ ಕಾದಿದ್ದೆ. ಮೇಟ್ರನ್ ಕರೆದು ಹೇಳಿದರು: "ದಾಕ್ಷಾಯಿಣಿ, ನಿಮ್ಮ ಕೆಲಸಕ್ಕ ಯಾರೂ ಹೆಸರಿಡಂಗಿಲ್ರಿ. ಆದ್ರ ನಿಮ್ಮದು ಬರೇ ಡಿಪ್ಲೊಮಾ. ಡಿಗ್ರಿ ಇಲ್ದ ಇನ್ನ ಮುಂದ ಯಾರನ್ನೂ ಆ ಜಾಗಾಕ್ಕ ತಗೊಳ್ಳೂದಿಲ್ಲಂತ." ನೀನು ಮತ್ತು ನಾನು ಒಂದೇ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡು ಪಡೆದ ಡಿಪ್ಲೊಮಾ ಈಗ 'ಬರೇ' ಆಗಿದೆ, ಗುಲ್ಜಾರ.

ಮಗಳು ಸೌಮ್ಯಾ ಆಗಲೇ ನರ್ಸಿಂಗ್ ಕಾಲೇಜಿನಲ್ಲಿದ್ದಳು. ಅವರದು ಬೇರೆ ತರಹದ ವ್ಯವಸ್ಥೆ. ಬೇರೆಲ್ಲೂ ಇಂಥದು ನಾನು ಕೇಳಿಲ್ಲ. ಹುಡುಗಿಯರು ಡಿಪ್ಲೊಮಾಕ್ಕೂ ಡಿಗ್ರಿಗೂ ಒಟ್ಟಿಗೇ ಹೆಸರು ಹಚ್ಚುತ್ತಾರೆ. ಮುಂಜಾನೆ ವಾರ್ಡಿನಲ್ಲಿ ಡಿಪ್ಲೊಮಾದ ಕೆಲಸ, ಮಧ್ಯಾಹ್ನದ ಮೇಲೆ ಡಿಗ್ರಿಯ ಪಾಠ. ಮೊದಲು ಒಂದು ಸರ್ಟಿಫಿಕೇಟು ಕೈಗೆ ಬರುತ್ತದೆ, ನಂತರ ಇನ್ನೊಂದು. ನನ್ನಂಥ ಹಳೆಯ ಡಿಪ್ಲೊಮಾದವರೂ ಡಿಗ್ರಿಯ ಭಾಗಕ್ಕೆ ಸೇರಿಕೊಳ್ಳಬಹುದು. ಸೌಮ್ಯಾಳೇ ಒಂದು ದಿನ ಊಟಕ್ಕೆ ಕೂತಾಗ ಈ ಮಾತು ಹೇಳಿದಳು. ನನಗಾಗಿ ಹೇಳಿದಳು ಅಂದುಕೊಂಡೆ. ಸುಮ್ಮನೆ ಮಾತಿಗೆ ಹೇಳಿದ್ದಳೋ ಏನೋ, ಈಗ ಅನುಮಾನ.

ನಾನೂ ಸೇರುತ್ತೇನೆ ಅಂದಾಗ ಇವರು ಅಮರಗೋಳದ ಕಾಳಿನ ಅಂಗಡಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. "ಹಂಗಾದ್ರ ಇಬ್ಬರಿಗೂ ಒಂದ ಸ್ಕೂಟಿ ಸಾಕಾತು" ಅಂದು ನಕ್ಕರು. ರಾಜಶೇಖರರ ಒಪ್ಪಿಗೆ ಯಾವಾಗಲೂ ಹೀಗೇ. ಅತ್ತೆ ಮುರಿಗೆವ್ವನವರು ಮಾತ್ರ ನೆರೆಯವರ ಮುಂದೆ, "ಮೊಮ್ಮಗಳೂ ಸಾಲಿಗೆ ಹೊಂಟಾಳು, ಸೊಸೀನೂ ಸಾಲಿಗೆ ಹೊಂಟಾಳು. ಮನ್ಯಾಗ ರೊಟ್ಟಿ ಬಡಿಯಾಕ ಈಗ ನಾನ ಅಡ್ಮಿಶನ್ ತಗೋಬೇಕ್ರಿ" ಅಂದರಂತೆ. ಅಂದರೂ ಮರುದಿನದಿಂದ ರೊಟ್ಟಿ ಬಡಿದವರೂ ಅವರೇ.

ಸೌಮ್ಯಾ ಒಂದೇ ಷರತ್ತು ಹಾಕಿದಳು. "ಅವ್ವಾ, ಕ್ಲಾಸಿನ್ಯಾಗ ನನ್ನ ಹೆಸರು ಹಿಡದ ಕರೀಬ್ಯಾಡ. ಡಬ್ಬಿ ತಗೊಂಡ ಹುಡಕ್ಕೋತ ಬರಬ್ಯಾಡ. ಅಲ್ಲೆ ನೀ ಬ್ಯಾರೆ, ನಾ ಬ್ಯಾರೆ."

ನಾನು ಒಪ್ಪಿದೆ. ಇಬ್ಬರೂ ಮುಂಜಾನೆಯ ಕೆಲಸ ಮುಗಿಸಿ ಮಧ್ಯಾಹ್ನ ಸ್ಕೂಟಿಯಲ್ಲಿ ಜೊತೆಗೆ ಹೋಗುತ್ತಿದ್ದೆವು. ಕಾಲೇಜಿನ ತಿರುವಿಗೆ ಅವಳು ಇಳಿದು ನಡೆದು ಬರುತ್ತಿದ್ದಳು. ನಾನು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಕಣ್ಣು ಕಾಣಬೇಕಲ್ಲ. ಅವಳು ಗೆಳತಿಯರ ಜೊತೆ ಹಿಂದೆ. ಹಿಂದಿನಿಂದ ನಗೆ ಕೇಳಿಸಿದರೆ ಅದರಲ್ಲಿ ಅವಳದು ಯಾವುದು ಅಂತ ಗೊತ್ತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಮೊದಮೊದಲು ಚೆನ್ನಾಗಿತ್ತು, ಗುಲ್ಜಾರ. ರೋಗಿಯ ಪಾಠಗಳು ನನಗೆ ಕಷ್ಟವಾಗಲಿಲ್ಲ. ಸಂಶೋಧನೆ, ಸಂಖ್ಯಾಶಾಸ್ತ್ರ ಅಂದರೆ ಮಾತ್ರ ತಲೆ ಗಿಮ್ ಅನ್ನುತ್ತಿತ್ತು. ಸಂಜೆ ಅಡುಗೆಮನೆಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುವಾಗ ಸೌಮ್ಯಾ ಕಟ್ಟೆಯ ಮೇಲೆ ಕೂತು, "ಇಲ್ಲೆ ನೋಡವ್ವಾ, ಎಲ್ಲಾ ಕೂಡ್ಸಿ ಭಾಗ್ಸೂದು ಬ್ಯಾರೆ, ನಟ್ಟನಡುವಿಂದು ತಗಿಯೂದು ಬ್ಯಾರೆ" ಅಂತ ಬೆಳ್ಳುಳ್ಳಿ ಎಸಳುಗಳನ್ನೇ ಸಾಲಾಗಿಟ್ಟು ಹೇಳಿಕೊಡುತ್ತಿದ್ದಳು. ತಪ್ಪಿದರೆ ಗದರುತ್ತಿದ್ದಳು. ಆ ಗದರಿಕೆ ನನಗೆ ಹಿತವಾಗಿತ್ತು.

ಕೆಟ್ಟದ್ದು ಆಗಸ್ಟಿನಲ್ಲಿ. ಪರೀಕ್ಷೆಯ ಉತ್ತರಪತ್ರಿಕೆ ಕೊಡುವಾಗ ನಮ್ಮ ಮೇಡಂ ಸೌಮ್ಯಾಳನ್ನು ನಿಲ್ಲಿಸಿದರು. ಅವಳಿಗೆ ಅಂಕ ಕಡಿಮೆ ಬಂದಿದ್ದವು, ನನಗೆ ಹೆಚ್ಚು. ಮೇಡಂ ಒಳ್ಳೆಯವರೇ, ಕೆಡುಕು ಮನಸ್ಸಿನಿಂದ ಅಂದದ್ದಲ್ಲ. "ಮನ್ಯಾಗ ಇಂಥಾ ತಾಯಿ ಇಟಗೊಂಡು ಹಿಂಗ ಬರದಿಯೇನವ್ವಾ? ಅವರನ್ನ ನೋಡಿ ಕಲಿ" ಅಂದುಬಿಟ್ಟರು. ನಾವು ತಾಯಿ ಮಗಳು ಅಂತ ಕ್ಲಾಸಿಗೆಲ್ಲ ಗೊತ್ತಾದದ್ದು ಆಗಲೇ. ಯಾರೋ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವತ್ತು ಅವಳು ಸ್ಕೂಟಿ ಹತ್ತಲಿಲ್ಲ, ಬಸ್ಸಿಗೆ ಬಂದಳು. ಮನೆಯಲ್ಲಿ ನಾನೇ ಮಾತು ತೆಗೆದೆ. "ನಾ ಬಿಟ್ಟಬಿಡ್ತೇನಿ ಸೌಮ್ಯಾ. ನನಗ ಡಿಗ್ರಿ ಇಲ್ದಿದ್ರೂ ನಡೀತೈತಿ."

ಅವಳು ದನಿ ಏರಿಸಲಿಲ್ಲ. "ನೀ ಬಿಟ್ರ ಅದೂ ನನ್ನ ತಲೀಮ್ಯಾಲೇ ಬರ್ತೈತಿ" ಅಂದಳು. ಬ್ಯಾಗು ಗೂಟಕ್ಕೆ ಹಾಕಿ, "ಮನ್ಯಾಗ ನಾ ನಿನ್ನ ಮಗಳು. ನಿನ್ನ ದವಾಖಾನಿಗೆ ಟ್ರೇನಿಂಗಿಗೆ ಬಂದ್ರ ಅಲ್ಲೂ ದಾಕ್ಷಾಯಿಣಿ ಸಿಸ್ಟರ್ ಮಗಳು. ನಂದು ಅನ್ನೂದು ಅದೊಂದ ಜಾಗಾ ಇತ್ತವ್ವಾ" ಅಂದಳು.

"ನೀನೇ ಅಲ್ಲವೇ ಆ ಕಾಲೇಜಿನ ವಿಷಯ ಹೇಳಿದವಳು" ಅಂತ ಅವಳಿಗೆ ಅನ್ನೋಣ ಅನ್ನಿಸಿತು. ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಾಗುತ್ತಿತ್ತೋ ಕೆಡುತ್ತಿತ್ತೋ ಇವತ್ತಿಗೂ ಗೊತ್ತಾಗುತ್ತಿಲ್ಲ.

ದಸರೆ ಕಳೆದ ಮೇಲೆ ಅವಳ ಡಿಪ್ಲೊಮಾದ ಫಲಿತಾಂಶ ಬಂತು, ಪಾಸಾದಳು. ಅತ್ತೆ ಓಣಿಗೆಲ್ಲ ಫೇಡೆ ಹಂಚಿಸಿದರು. ಅದರ ಮಾರನೇ ವಾರವೇ ಸೌಮ್ಯಾ ಅಪ್ಪನ ಮುಂದೆ ಕೂತು, "ಬೆಳಗಾವ್ಯಾಗ ಕೆಲಸಾ ಸಿಕ್ಕೈತ್ರಿ ಅಪ್ಪಾ. ಡಿಗ್ರಿ ಸದ್ಯಕ್ಕ ನಿಲ್ಲಸ್ತೇನಿ" ಅಂದಳು. ಇವರು ನನ್ನ ಮುಖ ನೋಡಿದರು.

"ಅರ್ಧಕ್ಕ ಬಿಡೂದು ಯಾಕವ್ವಾ?" ಅಂದರು ಇವರು.

"ಬಿಡೂದಿಲ್ರಿ. ಅವ್ವಂದು ಮೊದಲ ಮುಗೀಲಿ. ಆಮ್ಯಾಲೆ ನಾ ಬಂದು ಮಾಡ್ತೇನಿ. ಕಾಲೇಜಿನ್ಯಾಗ ಕೇಳೇನಿ, ಬರಾಕ್ ಆಗ್ತೈತಂತ."

ಇದು ಸಿಟ್ಟಿನ ಮಾತೋ, ನನ್ನ ಮೇಲಿನ ಕಾಳಜಿಯೋ? ಅತ್ತೆ ಹೇಳುತ್ತಾರೆ, "ನಿನಗ ದಾರಿ ಬಿಟ್ಟಕೊಟ್ಟಾಳ, ಬಂಗಾರದಂಥಾ ಹುಡುಗಿ." ಇವರು ಹೇಳುತ್ತಾರೆ, "ವಯಸ್ಸಿನ ಹುರುಪು, ವರ್ಷದಾಗ ಬರ್ತಾಳ." ಎರಡೂ ಇರಬಹುದು, ಎರಡೂ ಅಲ್ಲದಿರಬಹುದು. ಹೋದ ಶನಿವಾರ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ನನ್ನ ಕಾಲಿಗೆ ನಮಸ್ಕರಿಸಿದಳು. "ಅಂಕಿಸಂಖ್ಯೆ ತಿಳೀಲಿಲ್ಲಂದ್ರ ಫೋನ್ ಮಾಡು" ಅಂದಳು. ತಿಳಿಯುತ್ತಲೇ ಇಲ್ಲ, ಆದರೂ ಮಾಡಿಲ್ಲ.

ನಾನು ಈಗಲೂ ಮಧ್ಯಾಹ್ನ ಕ್ಲಾಸಿಗೆ ಹೋಗುತ್ತೇನೆ. ತಿರುವಿನಲ್ಲಿ ಸ್ಕೂಟಿ ತಾನಾಗಿಯೇ ನಿಧಾನವಾಗುತ್ತದೆ. ಹಿಂದಿನ ಬೆಂಚಿನ ಹುಡುಗಿಯರು "ಆಂಟಿ, ಸೌಮ್ಯಾ ಹೆಂಗದಾಳ್ರಿ?" ಅಂತ ಕೇಳುತ್ತಾರೆ. ಆರಾಮ ಇದ್ದಾಳೆ ಅನ್ನುತ್ತೇನೆ. ಅವಳಿಗೆ ನನಗಿಂತ ಹೆಚ್ಚಾಗಿ ಅವರೇ ಫೋನ್ ಮಾಡುತ್ತಾರೆ ಅಂತ ಗೊತ್ತು.

ಇಷ್ಟೇ ನನ್ನ ಸುದ್ದಿ. ಬಿಟ್ಟುಬಿಡು ಅಂದರೆ ಬಿಡುವ ಮನಸ್ಸಿದೆ. ಮುಗಿಸು ಅಂದರೆ ಮುಗಿಸುವ ಆಸೆಯೂ ಅಷ್ಟೇ ಇದೆ. ಆ ಕುರ್ಚಿ ಬೇಡ ಅಂತ ಸುಳ್ಳು ಹೇಳಲಾರೆ, ನಿನ್ನ ಮುಂದಂತೂ ಹೇಳಲಾರೆ.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ವಸೀಮನಿಗೂ ಸೊಸೆಗೂ ನನ್ನ ಆಶೀರ್ವಾದ. ಕೂಸಿಗೆ ಒಳ್ಳೆಯ ನಿದ್ದೆ, ನಿನಗೆ ಅದರ ಜೊತೆ ಆಡುವಷ್ಟು ರಜೆ ಸಿಗಲಿ.

ಎಂದಿಗೂ ನಿನ್ನವಳೇ ಆದ,
ದಾಕ್ಷಾಯಿಣಿ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದಕ್ಕೆಲ್ಲ ಅರ್ಥವಿಲ್ಲ.

ಅವಳು ಹೋಗುವ ಮುಂಚಿನ ಕೊನೆಯ ಪ್ರಾಕ್ಟಿಕಲ್ಲಿನಲ್ಲಿ ಒಬ್ಬರು ರೋಗಿಯಾಗಬೇಕು, ಇನ್ನೊಬ್ಬರು ನರ್ಸ್ ಆಗಿ ವಿಚಾರಿಸಿಕೊಳ್ಳಬೇಕು ಅಂತಿತ್ತು. ಚೀಟಿ ಎತ್ತಿದಾಗ ನಾನು ಸೌಮ್ಯಾಳ ರೋಗಿಯಾದೆ. ಮನೆಯಲ್ಲಿ ಯಾರೂ ಇಲ್ಲದ ಹೆಂಗಸು, ಎದೆನೋವು ಅಂತ ಬಂದಿದ್ದಾಳೆ ಎಂದು ಮೇಡಂ ಹೇಳಿಕೊಟ್ಟರು. ಮಂಚದ ಮೇಲೆ ಮಲಗಿದೆ. ಸೌಮ್ಯಾ ಕುರ್ಚಿ ಎಳೆದು ನನ್ನ ಮುಖದ ಸಮಕ್ಕೆ ಕೂತಳು.

"ಏನ್ ತ್ರಾಸ ಆಗಾಕತ್ತೈತ್ರಿ ಅಮ್ಮಾ?" ಅಂದಳು. ಹೇಳಿದೆ. "ನಿದ್ದಿ ಬರ್ತೈತೇನ್ರಿ? ಊಟಾ ಸೇರ್ತೈತಿಲ್ರಿ?" ಅಂತ ಒಂದೊಂದೇ ಕೇಳಿದಳು. "ಮನ್ಯಾಗ ನೋಡ್ಕೊಳ್ಳವರು ಯಾರ್ ಅದಾರ್ರಿ?"

"ಯಾರೂ ಇಲ್ರಿ" ಅಂದೆ. ಹಾಗೆಯೇ ಹೇಳಬೇಕಿತ್ತು.

ಆಗ ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಅಂಜಬ್ಯಾಡ್ರಿ. ನಾ ಇದ್ದೇನಲ್ರಿ" ಅಂದಳು. ಹಣೆಯ ಮೇಲಿನ ಕೂದಲು ಸರಿಸಿದಳು. ಗುಲ್ಜಾರ, ಅವಳು ದೊಡ್ಡವಳಾದ ಮೇಲೆ ನನ್ನನ್ನು ಹಾಗೆ ಮುಟ್ಟಿದ್ದು ನೆನಪಿಲ್ಲ. ಆ ದನಿಯನ್ನಂತೂ ನಾನು ಕೇಳಿಯೇ ಇರಲಿಲ್ಲ. ಎಷ್ಟು ಒಳ್ಳೆಯ ನರ್ಸ್ ನನ್ನ ಮಗಳು ಅನ್ನಿಸಿ ಎದೆ ತುಂಬಿತು, ಅದು ಆ ರೋಗಿಗೆ, ಅವ್ವನಿಗಲ್ಲ ಅಂತ ಅದೇ ಹೊತ್ತಿಗೆ ಎಲ್ಲೋ ಕಿತ್ತುಬಂದಂತಾಯಿತು. ಮೇಡಂ "ಶಾಭಾಸ್" ಅಂದರು. ಅವಳು ಕೈ ಬಿಟ್ಟು ಎದ್ದು, ಗೆಳತಿಯರ ಕಡೆ ಹೋದಳು.

ನಾನು ಮಂಚದಿಂದ ಬೇಗ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಯಾರೂ ಇಲ್ಲದ ಆ ಹೆಂಗಸಾಗಿಯೇ ಇರೋಣ ಅನ್ನಿಸಿತ್ತು. ಇದನ್ನು ಅವಳಿಗೆ ಹೇಳಬೇಕೋ ಬೇಡವೋ, ಹೇಳಿದರೆ ಹೇಗೆ ಹೇಳಬೇಕು, ನೀನೇ ಬರೆ.