ಪಾರ್ಕಿಂಗ್ ಜಾಗದಲ್ಲಿ ನಲವತ್ತು ನಿಮಿಷ

ಆಗಸ್ಟ್ 24, ಬೆಳಿಗ್ಗೆ 5:50

ಕರುಗಳಿಗೆ ಬಾಟಲಿ ಹಾಲು ಕುಡಿಸಿ ಬಂದೆ. ಕೈ ಇನ್ನೂ ಜಿಡ್ಡು. ಇವತ್ತು ಕಾಲೇಜು ಅರ್ಜಿಯ ವಿಷಯಕ್ಕೆ ಶಾಲೆಯ ಕೌನ್ಸೆಲರ್ ಮಿಸೆಸ್ ಕಜಾರಿಯನ್ ಭೇಟಿ. ಪಟ್ಟಿ ಮಾಡಿಟ್ಟಿದ್ದೇನೆ. ಜಿಪಿಎ ನಾಲ್ಕಕ್ಕೆ 3.86. ವೃದ್ಧಾಶ್ರಮದಲ್ಲಿ ಸ್ವಯಂಸೇವೆ, 110 ಗಂಟೆ. ಕೆಮಿಸ್ಟ್ರಿಯಲ್ಲಿ ಮಾತ್ರ ಒಂದು ಸಿ ಗ್ರೇಡು. ಅಜ್ಜ ಆಸ್ಪತ್ರೆಯಲ್ಲಿದ್ದ ಸೆಮಿಸ್ಟರ್ ಅದು. ಫೆಬ್ರವರಿಯಲ್ಲಿ ತೀರಿಕೊಂಡ.

ಅಪ್ಪನಿಗೆ ಪ್ರಿ-ಮೆಡ್ ಅಂದರೇನು ಅಂತ ನಾಲ್ಕನೇ ಸಲ ವಿವರಿಸಿದೆ.

"ಡಾಕ್ಟರ್ ಕಾಲೇಜಿಗೆ ಹೋಗೋಕೆ ಮುಂಚೆ ನಾಲ್ಕು ವರ್ಷ ಇನ್ನೊಂದು ಕಾಲೇಜಾ? ಹಸು ಕರು ಹಾಕೋಕೆ ಮುಂಚೆ ಇನ್ನೊಂದು ಕರು ಹಾಕ್ಬೇಕು ಅಂದಂಗಾಯ್ತು."

ಅದೇ ದಿನ, ಸಂಜೆ

ಮಿಸೆಸ್ ಕಜಾರಿಯನ್‌ಗೆ ನನ್ನಂಥ ನಾನೂರು ಮಕ್ಕಳು. ಆದರೂ ನನ್ನ ಹೆಸರು ನೋಡದೇ ಹೇಳಿದರು. ಫಿಲೊಮೆನಾ ಬೋರ್ಬಾ. ಕಾಗದದಲ್ಲಿ ಮೂರು ಕಾಲಂ ಎಳೆದರು. ಸಮುದ್ರದ ಕಡೆಯ ದೊಡ್ಡ ಯೂನಿವರ್ಸಿಟಿ — ಕಷ್ಟ. ಬೆಟ್ಟದ ಕಡೆಯ ಸಣ್ಣ ಕಾಲೇಜು — ನೋಡೋಣ. ಇಲ್ಲೇ ಕಣಿವೆಯಲ್ಲಿರುವುದು — ಸಿಗುತ್ತದೆ.

"ಆ ಸಿ ಒಂದು ಇಲ್ದೇ ಇದ್ದಿದ್ರೆ..." ಅಂದರು.

ಸೆಪ್ಟೆಂಬರ್ 15

ಹುಚ್ಚುತನ ಮಾಡಿದೆ. ಅಂಕಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹಾಕಿ, ನನ್ನ ಛಾನ್ಸ್ ಎಷ್ಟು ಹೇಳಿ ಅಂತ ಕೇಳಿದೆ. ಹದಿನೇಳು ಉತ್ತರ. ಒಬ್ಬ — ನೂರಕ್ಕೆ ಎಂಟು. ಇನ್ನೊಬ್ಬ — ಸಿ ತಗೊಂಡವಳಿಗೆ ಡಾಕ್ಟರಿಕೆ ಯಾಕೆ? ಮತ್ತೊಬ್ಬ ಮಾತ್ರ ಸ್ವಲ್ಪ ಯೋಚಿಸಿ ಬರೆದಿದ್ದ. "ನಿನ್ನಂಥ ನಂಬರ್ ಸಾವಿರ ಜನಕ್ಕಿದೆ. ನಿನ್ನ ಕಥೆ ಏನು?"

ಕಥೆ ಏನು. ದಿನವಿಡೀ ಅದೇ.

ಅಕ್ಟೋಬರ್ 9

ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧ ಬರೆದೆ. ಒಂದೇ ಸಲ ಕೂತು. ಅಜ್ಜನ ಕೊನೆಯ ಮಧ್ಯಾಹ್ನ. ಅವನ ಕೈ ನನ್ನ ಕೈಯಲ್ಲಿ. ಉಸಿರು ನಿಧಾನವಾಗುತ್ತಾ ನಿಂತದ್ದು. ಆ ಕ್ಷಣವೇ ಡಾಕ್ಟರಾಗಬೇಕು ಅನ್ನಿಸಿದ್ದು.

ಮಿಸೆಸ್ ಕಜಾರಿಯನ್ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೆನಾ, ಇದು ಆ ಸಿ ಅನ್ನ ಮರೆಸಿಬಿಡತ್ತೆ."

ಬಹಳ ಚೆನ್ನಾಗಿ ಬಂದಿದೆ. ಸುಳ್ಳು ಅಷ್ಟೇ.

ಅಕ್ಟೋಬರ್ 10

ನಿಜ ಇಲ್ಲಾದರೂ ಬರೆಯಬೇಕು. ಅಜ್ಜನ ಗಂಟಲಲ್ಲಿ ಗೊರಗೊರ ಶುರುವಾದಾಗ, ಐಸ್ ತರ್ತೀನಿ ಅಂತ ಹೇಳಿ ಹೊರಗೆ ಹೋದೆ. ಐಸ್ ತರಲಿಲ್ಲ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ, ನಾನೇ ಓಡಿಸಿಕೊಂಡು ಬಂದಿದ್ದ ಅಪ್ಪನ ಪಿಕಪ್ಪಿನೊಳಗೆ ಕೂತೆ. ನಲವತ್ತು ನಿಮಿಷ. ರೇಡಿಯೋ ಕೂಡ ಹಾಕಿದ್ದೆ. ವಾಪಸು ಹೋದಾಗ ಮುಖದ ಮೇಲೆ ಹೊದಿಕೆ. ಪಕ್ಕದಲ್ಲಿ ಅಪ್ಪನ ಒಡಹುಟ್ಟಿದವಳು, ಒಡೀಲಿಯಾ ಅತ್ತೆ ಒಬ್ಬಳೇ.

ಅಕ್ಟೋಬರ್ 20

ಊಟದ ಹೊತ್ತಿಗೆ ಅಮ್ಮ ಪ್ರಬಂಧ ಎಲ್ಲರೆದುರು ಓದಿ ಹೇಳಲೇಬೇಕು ಅಂದಳು. ಬೇಡ ಅಂದೆ. ಬಿಡಲಿಲ್ಲ. ಅತ್ತೆಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಹಾಗಾಗಿ ನಾನು ಓದಿದ ಒಂದೊಂದೇ ಸಾಲನ್ನು ಅಮ್ಮನೇ ನಮ್ಮ ಮನೆಮಾತಾದ ಪೋರ್ಚುಗೀಸಿನಲ್ಲಿ ಹೇಳಿದಳು. ನನ್ನ ಸುಳ್ಳು ಎರಡೆರಡು ಸಲ ಕೇಳಿಸಿತು.

ಅಪ್ಪ ಸೂಪಿನ ಬಟ್ಟಲು ನೋಡುತ್ತಾ ಕೂತ. ಅತ್ತೆ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಕಾದೆ.

"ಚೆನ್ನಾಗಿ ಬರ್ದಿದೀಯ" ಅಂದಳು. ತಟ್ಟೆ ಎತ್ತಿಕೊಂಡು ಎದ್ದುಹೋದಳು.

ನವೆಂಬರ್ 12

ಮೂರು ವಾರ ಅತ್ತೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಒಂದೇ ಮನೆಯಲ್ಲಿ, ಒಂದೇ ಬಚ್ಚಲು. ಎಷ್ಟು ದಿನ ಆಗುತ್ತದೆ.

ಇವತ್ತು ದಟ್ಟ ಮಂಜು. ಶಾಲೆಯ ಬಸ್ಸು ಎರಡು ಗಂಟೆ ತಡ. ಅತ್ತೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹೋಗಿ ನಿಂತೆ.

"ಅತ್ತೆ, ಅವತ್ತು ಯಾಕೆ ಸುಮ್ನಿದ್ದೆ?"

"ಯಾವತ್ತು?"

"ಗೊತ್ತಿದ್ದೂ ಕೇಳ್ಬೇಡ."

ನಾದುತ್ತಲೇ ಇದ್ದಳು. "ಏನ್ ಹೇಳ್ಬೇಕಿತ್ತು? ನಿಮ್ಮಮ್ಮನ ಮುಂದೆ ನಿನ್ನ ಮಾನ ಕಳೀಬೇಕಿತ್ತಾ?"

"ನಾನು ಓಡ್ಹೋದೆ. ನೀನು ಇದ್ದೆ. ನಿನ್ನ ಜಾಗಾನ ಕದ್ದೆ ನಾನು."

ಆಗ ಕೈ ನಿಲ್ಲಿಸಿದಳು. ಹಿಟ್ಟು ಮೆತ್ತಿದ ಬೆರಳುಗಳನ್ನೇ ನೋಡಿಕೊಂಡಳು.

"ನಾನೇನು ಧೈರ್ಯವಂತೆ ಅಂದ್ಕೊಂಡ್ಯಾ? ನಿನ್ ಹಿಂದೇನೇ ಬರ್ತಿದ್ದೆ ಕಣೇ. ಎದ್ದೂ ನಿಂತಿದ್ದೆ. ನಮ್ಮಪ್ಪ, ನಿಮ್ಮಜ್ಜ, ಕೈ ಹಿಡ್ಕೊಂಡ್ಬಿಟ್ಟಿದ್ದ. ಐವತ್ತು ವರ್ಷ ಹಾಲು ಕರೆದ ಕೈ ಅದು, ಬಿಡಿಸ್ಕೊಳ್ಳೋಕೆ ಆಗುತ್ತಾ? ಅದಕ್ಕೇ ಇದ್ದೆ."

"ಅಜ್ಜ ನಾನೆಲ್ಲಿ ಅಂತ ಕೇಳಿದ್ನಾ?"

"ನಿನ್ನೂ ಕೇಳ್ಲಿಲ್ಲ, ನನ್ನೂ ಕೇಳ್ಲಿಲ್ಲ. ಹಸುಗಳ್ನ ಒಳಗೆ ಕಟ್ಟಿದ್ರಾ ಅಂತ ಕೇಳ್ದ. ಕಟ್ಟಿದೀವಪ್ಪಾ ಅಂದೆ. ಅಷ್ಟೆ."

ಇಬ್ಬರಿಗೂ ನಗು ಬಂತು. ಆಮೇಲೆ ಅಳು. ಬಸ್ಸು ಬಂದು ಹೋಯಿತು.

ನವೆಂಬರ್ 28

ಹೊಸದಾಗಿ ಬರೆದೆ. ಪಿಕಪ್ಪು, ರೇಡಿಯೋ, ತರದ ಐಸು. ಅತ್ತೆಯ ಒಪ್ಪಿಗೆ ಕೇಳಿ, ಅಜ್ಜ ಬಿಡದೆ ಹಿಡಿದಿದ್ದ ಅವಳ ಕೈಯ ವಿಷಯವನ್ನೂ ಬರೆದೆ. ಅಪ್ಪ ಅಮ್ಮನಿಗೂ ಓದಿ ಹೇಳಿದೆ. ಅಪ್ಪ ತಲೆ ಎತ್ತದೆ ಅಂದ, "ನಾನೂ ಅವತ್ತು ಬೇಕಂತ್ಲೇ ಕೊಟ್ಟಿಗೇಲಿ ಉಳ್ಕೊಂಡೆ." ಅಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಳು.

ಮಿಸೆಸ್ ಕಜಾರಿಯನ್ ಎರಡು ಸಲ ಓದಿದರು.

"ಡಾಕ್ಟರಾಗ್ತೀನಿ ಅನ್ನೋಳು, ಸಾವು ನೋಡಿ ಓಡ್ಹೋದೆ ಅಂತ ಬರೀತೀಯಾ? ಮೊದಲ್ನೇದು ಗ್ಯಾರಂಟಿ ಇತ್ತಲ್ಲಮ್ಮ."

"ಅದು ಸುಳ್ಳು, ಮೇಡಂ."

ಹಾಳೆಗಳನ್ನು ಜೋಡಿಸಿ ನನ್ನ ಕಡೆ ತಳ್ಳಿದರು. "ಹಾಗಾದ್ರೆ ಇದನ್ನೇ ಕಳಿಸು. ಛಾನ್ಸ್ ಎಷ್ಟು ಅಂತ ಮಾತ್ರ ನನ್ನ ಕೇಳ್ಬೇಡ."

ಕಳಿಸಿದೆ. ಮೂರಕ್ಕೂ ಇದೇ.

ಮಾರ್ಚ್ 21

ದೊಡ್ಡ ಯೂನಿವರ್ಸಿಟಿ — ಇಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಅತ್ತುಬಿಟ್ಟೆ. ಮೊದಲನೆಯದನ್ನೇ ಕಳಿಸಿದ್ದರೆ... ಈ ಯೋಚನೆ ಬರುವುದಿಲ್ಲ ಅಂದುಕೊಂಡಿದ್ದೆ. ಬಂತು.

ಮಾರ್ಚ್ 23

ಕಣಿವೆಯದು ಸಿಕ್ಕಿತು. ಅಮ್ಮ ಸಿಹಿ ಬ್ರೆಡ್ಡು ಮಾಡಿದಳು. ತಿಂದೆ. ಖುಷಿಯಾಗಿದ್ದೇನೆ ಅಂದೆ. ಅರ್ಧ ನಿಜ.

ಏಪ್ರಿಲ್ 2, ಮಧ್ಯಾಹ್ನ

ಬೆಟ್ಟದ ಕಾಲೇಜಿನಿಂದ ದಪ್ಪ ಲಕೋಟೆ. ಸಿಕ್ಕಿದೆ! ಪ್ರಿ-ಮೆಡ್ಡೇ. ಅಪ್ಪ ಗಂಬೂಟಿನಲ್ಲೇ ಒಳಗೆ ಓಡಿ ಬಂದ, ಅಮ್ಮ ಬೈಯಲಿಲ್ಲ.

ಅಚ್ಚಾದ ಪತ್ರದ ಕೆಳಗೆ ಪೆನ್ನಿನಲ್ಲಿ ಎರಡು ಸಾಲು. ಯಾರೋ ಅಧಿಕಾರಿ, ಸಹಿ ಸರಿಯಾಗಿ ಕಾಣುವುದಿಲ್ಲ. "ನಿಮ್ಮ ಪ್ರಬಂಧ ಓದಿದ ಮೇಲೆ ನನ್ನ ತಂದೆಗೆ ಫೋನ್ ಮಾಡಿದೆ. ನಾವು ಮಾತಾಡಿ ಆರು ವರ್ಷವಾಗಿತ್ತು."

ಅತ್ತೆಗೆ ಪೋರ್ಚುಗೀಸಿನಲ್ಲಿ ಹೇಳಿದೆ. ಪತ್ರ ಇಸಿದುಕೊಂಡು, ಓದಲು ಬಾರದಿದ್ದರೂ ಆ ಎರಡು ಸಾಲನ್ನೇ ದಿಟ್ಟಿಸಿದಳು.

"ಅವ್ರಪ್ಪ ಫೋನ್ ಎತ್ತಿದ್ರಂತಾ?"

"ಅದು ಬರ್ದಿಲ್ಲ ಅತ್ತೆ."

"ಅದ್ಹೇಗೆ ಬಿಟ್ಟ? ಅದೇ ತಾನೇ ಮುಖ್ಯ? ಕೇಳು ಮತ್ತೆ. ಬರ್ದು ಕೇಳು."

"ಹಾಗೆಲ್ಲ ಕೇಳ್ಬಾರ್ದು."

"ಯಾಕ್ ಕೇಳ್ಬಾರ್ದು? ಅವ್ನು ನಮ್ಮನೆ ವಿಷಯ ಪೂರ್ತಿ ಓದ್ಲಿಲ್ವಾ?"

ಏಪ್ರಿಲ್ 2, ಸಂಜೆ

ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾಳೆ. ಬರೆಯುವ ತನಕ ಏಳುವುದಿಲ್ಲವಂತೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಮಾನ್ಯರೇ, ನಿಮ್ಮ ತಂದೆಯವರು ಫೋನ್ ಎತ್ತಿದರೇ?